ನೀಲಿ ಮುಚ್ಚಳದ ಟ್ಯೂಬು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಇಷ್ಟು ಬರೆಯುವುದಕ್ಕೆ ಎಂಟು ತಿಂಗಳು ಹಿಡಿಯಿತು. ಮೊದಲೇ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ನಿನ್ನ ಮೂರು ಕಾಗದಗಳೂ ತಲುಪಿವೆ. ಅಂಚೆಯವರದೇನೂ ತಪ್ಪಿಲ್ಲ, ಅವರನ್ನು ಬೈಯಬೇಡ. ಒಂದೊಂದು ಸಲವೂ ಉತ್ತರ ಬರೆಯಲು ಕೂತು 'ಪ್ರೀತಿಯ ಅಕ್ಕನಿಗೆ' ಎಂದು ಬರೆದ ಮೇಲೆ ಪೆನ್ನು ಅಲ್ಲಿಗೇ ನಿಂತುಬಿಡುತ್ತಿತ್ತು. ಅಂಥ ಹಾಳೆಗಳು ನಾಲ್ಕೈದು ನನ್ನ ಪೆಟ್ಟಿಗೆಯಲ್ಲಿವೆ. ಫೋನಾದರೂ ಮಾಡಬಾರದಿತ್ತೇ ಎನ್ನುತ್ತೀಯ. ಫೋನು ಕೈಗೆ ಬಂದರೆ ನನ್ನ ಗಂಟಲು ಕಟ್ಟುವುದು ನಿನಗೆ ಗೊತ್ತೇ ಇದೆ. "ಹಲೋ, ಆ ಕಡೆ ಮನುಷ್ಯರು ಇದ್ದೀರಾ, ಇಲ್ಲಾ ಬರೀ ಗಾಳಿನಾ?" ಎಂದು ನೀನೇ ಎಷ್ಟು ಸಲ ರೇಗಿಸಿಲ್ಲ. ತಡವಾದದ್ದಕ್ಕೆ ಕ್ಷಮಿಸು.

ಈಗ ಮುಖ್ಯ ವಿಷಯ, ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಗುಂಡನಿಗೆ ಕಾಯಿಲೆ ಬಂದದ್ದು ನಮ್ಮ ಅಳಿಲು ಚುಂಚುವಿನಿಂದ ಅಲ್ಲ. ಪರೀಕ್ಷೆ ಮಾಡಿ ನೋಡಿಯಾಯಿತು. ಊಹೆಯಲ್ಲ, ಸಮಾಧಾನಕ್ಕೆ ಯಾರೋ ಆಡಿದ ಮಾತೂ ಅಲ್ಲ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಕಾಗದದ ಮೇಲೆ ಅಚ್ಚಾಗಿ ಬಂತು. ಸಂಜೆ ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂತ ತಕ್ಷಣ ನಿದ್ದೆ ಹತ್ತಿ ನಾಲ್ಕು ಸ್ಟಾಪು ಮುಂದೆ ಹೋಗಿಬಿಟ್ಟೆ. ಕಂಡಕ್ಟರ್ ಎಬ್ಬಿಸಿ, "ಏನಮ್ಮ, ಡಿಪೋದಲ್ಲೇ ಸಂಸಾರ ಹೂಡ್ತೀಯಾ?" ಎಂದರು. ನಾನು ನಕ್ಕೆ, ಅಕ್ಕ. ಗುರುತಿಲ್ಲದ ಗಂಡಸಿನ ಮುಂದೆ ನಾನು ನಕ್ಕೆ ಎಂದರೆ ನನಗೆ ಎಷ್ಟು ಹಗುರವಾಗಿತ್ತು ಎಂದು ನೀನೇ ಲೆಕ್ಕ ಹಾಕು.

ಇದೆಲ್ಲ ಹೇಗಾಯಿತು ಎಂದು ಮೊದಲಿನಿಂದ ಹೇಳುತ್ತೇನೆ.

ಚುಂಚುವನ್ನು ಮನೆಗೆ ತಂದವಳು ನಾನೇ. ಮಹಡಿಯ ನೀರಿನ ಕೊಳವೆಯ ಸಂದಿಯಿಂದ ಕೆಳಗೆ ಬಿದ್ದಿತ್ತು, ಕಣ್ಣು ಕೂಡ ಬಿಟ್ಟಿರಲಿಲ್ಲ. ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ, ಬತ್ತಿಯಿಂದ ಹಾಲು ಕುಡಿಸಿ ಬದುಕಿಸಿದೆ. ಹೆಸರಿಟ್ಟವನು ಗುಂಡ. ನಾಲ್ಕು ವರ್ಷದ ನಿನ್ನ ಮಗ ಅದಕ್ಕೆ ಬಿಸ್ಕತ್ತು ಕೊಡುವುದು, ಅದು ಅವನ ಅಂಗಿಯ ತೋಳಿನಲ್ಲಿ ನುಗ್ಗಿ ಕೊರಳಿನಲ್ಲಿ ತಲೆ ಹಾಕುವುದು, ಅವನು ಕಿಲಕಿಲ ನಗುವುದು. ನೀನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಮೇಲೆ ಆ ಬುಧವಾರ ಅವನಿಗೆ ವಾಂತಿ ಶುರುವಾಯಿತು, ಹಿಂದೆಯೇ ಭೇದಿ. ಗುರುವಾರ ಕಣ್ಣು ಒಳಗೆ ಹೋಗಿ, ಅತ್ತರೆ ನೀರೇ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ಪು. ಅಲ್ಲಿನ ಡಾಕ್ಟರು, "ಮನೆಯಲ್ಲಿ ಸಾಕಿದ ಪ್ರಾಣಿ ಏನಾದರೂ ಇದೆಯಾ?" ಎಂದು ಕೇಳಿದರು. ನೀನು "ಅಳಿಲು" ಎಂದೆ. ಅವರು ಬರೆದುಕೊಂಡರು. ಎಲ್ಲರಿಗೂ ಕೇಳುವ ಪ್ರಶ್ನೆ ಅದು ಎಂದು ಈಗ ನನಗೆ ಗೊತ್ತು. ಆದರೆ ಅವತ್ತು ಅವರು ಬರೆದುಕೊಂಡದ್ದೇ ತೀರ್ಪಾಯಿತು. ಭಾವ ನನ್ನ ಮುಖ ನೋಡದೆ ಹೇಳಿದರು: "ಅಳಿಲಿನ ಮೇಲೆ ಇಟ್ಟಿರೋ ಕಾಳಜಿ ಮಗು ಮೇಲೆ ಇಟ್ಟಿದ್ದರೆ ಸಾಕಿತ್ತು." ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗ ಹಾಗೆ ಮಲಗಿರುವಾಗ ತಂದೆಯ ಬಾಯಲ್ಲಿ ಮತ್ತೇನು ಬರುತ್ತದೆ.

ಗುಂಡ ಮನೆಗೆ ಬಂದು ಗಂಜಿ ಕುಡಿದದ್ದನ್ನು ನೋಡಿದ ಮೇಲೆ ಬೂಟಿನ ಡಬ್ಬಿ ಎತ್ತಿಕೊಂಡು ಹೊರಟೆ. ಗೆಳತಿಯ ಕೋಣೆಯಲ್ಲಿ ಜಾಗ ಕೇಳಿಕೊಂಡೆ. ಮಾರನೆಯ ದಿನ ಬೆಳಿಗ್ಗೆ ಚುಂಚುವನ್ನು ಬಿಟ್ಟುಬರಲು ದೊಡ್ಡ ಪಾರ್ಕಿಗೆ ಹೋದೆ. ಮುಚ್ಚಳ ತೆಗೆದು ಮರದ ಬುಡದಲ್ಲಿಟ್ಟರೆ ಅದು ಹೋಗಲೊಲ್ಲದು. ಮೂತಿ ಹೊರಗೆ ಹಾಕುವುದು, ಮತ್ತೆ ಹತ್ತಿಯೊಳಗೆ ಹುದುಗುವುದು. ನನ್ನ ಸ್ವಭಾವವೇ ಅದಕ್ಕೂ ಅಂಟಿದೆ ಎಂದುಕೊಂಡೆ.

ಪಕ್ಕದ ಮರದ ಕೆಳಗೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಕೈಗೆ ರಬ್ಬರಿನ ಕವಚ ಹಾಕಿಕೊಂಡು, ಚಿಮುಟದಿಂದ ಏನನ್ನೋ ಹೆಕ್ಕುತ್ತಿದ್ದರು. ನನ್ನ ಡಬ್ಬಿ ನೋಡಿ ಹತ್ತಿರ ಬಂದರು.

"ಅದರೊಳಗೆ ಏನಮ್ಮ? ಅಳಿಲಾ? ಸಾಕಿದ್ದಾ?"

ನಾನು ತಲೆಯಾಡಿಸಿದೆ.

"ಹಿಕ್ಕೆ ಹಾಕಿದೆಯಾ?"

ಮೊದಲ ಭೇಟಿಯಲ್ಲೇ ಯಾರೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ನನ್ನ ಮುಖ ಏನಾಯಿತೋ, ಅವರು ನಗು ತಡೆದುಕೊಂಡು, "ನಿನ್ನನ್ನಲ್ಲಮ್ಮ, ಅಳಿಲಿನ ವಿಷಯ ಕೇಳಿದ್ದು" ಎಂದರು.

ಅವರು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು. ನಾನು ಡಾಕ್ಟರಮ್ಮ ಎನ್ನುತ್ತೇನೆ. ಆ ತಿಂಗಳು ಊರಲ್ಲಿ ಬಹಳ ಮಕ್ಕಳಿಗೆ ವಾಂತಿಭೇದಿಯಾಗಿ, ಪಾರ್ಕಿನ ಅಳಿಲುಗಳಿಂದ ಬಂತು ಎಂಬ ಮಾತು ಹಬ್ಬಿ, ಯಾರೋ ಮರಗಳ ಕೆಳಗೆ ವಿಷದ ಕಾಳು ಚೆಲ್ಲಿ ಹೋಗಿದ್ದರಂತೆ. ಅಳಿಲುಗಳ ಕರುಳಿನಲ್ಲಿ ಯಾವ ಯಾವ ವೈರಸ್ಸುಗಳಿವೆ, ಮಕ್ಕಳಲ್ಲಿ ಸಿಕ್ಕಿದ್ದೂ ಅದೇನಾ ಎಂದು ನೋಡುವುದು ಅವರ ಕೆಲಸ. ಅದಕ್ಕೆ ಅಳಿಲನ್ನು ಹಿಡಿಯಬೇಕಿಲ್ಲ, ಕೊಯ್ಯಬೇಕಿಲ್ಲ. ಅದು ಹಾಕಿದ ಹಿಕ್ಕೆ ಸಾಕು, ಕರುಳಿನ ಸುದ್ದಿಯೆಲ್ಲ ಅದರೊಳಗೇ ಇರುತ್ತದೆ.

ನಾನು ಧೈರ್ಯ ಮಾಡಿ ಒಂದೇ ಒಂದು ಮಾತು ಕೇಳಿದೆ: "ಇದರಿಂದ ಮಕ್ಕಳಿಗೆ ಬರುತ್ತಾ?"

"ಗೊತ್ತಿಲ್ಲಮ್ಮ. ಅದನ್ನೇ ಹುಡುಕ್ತಾ ಇರೋದು" ಎಂದರು.

ಆ ವಾರದಲ್ಲಿ ನಾನು ಕಂಡವರೆಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲ ಎಂದವರು ಇವರೊಬ್ಬರೇ. ನಾನು ಡಬ್ಬಿಯನ್ನು ಅವರ ಮುಂದೆ ಹಿಡಿದೆ. ಹತ್ತಿಯ ಮೇಲಿದ್ದ ಒಂದೇ ಒಂದು ಹೊಸ ಹಿಕ್ಕೆಯನ್ನು ಅವರು ಟ್ಯೂಬಿಗೆ ಹಾಕಿ, ಮೇಲೆ ಏನೋ ಗುರುತು ಬರೆದು, ಐಸಿನ ಪೆಟ್ಟಿಗೆಯಲ್ಲಿಟ್ಟರು. ಅಷ್ಟರಲ್ಲಿ ಚುಂಚು ಹಾರಿ ಮರ ಹತ್ತಿತು, ಹಿಂದಿರುಗಿ ನೋಡಲೂ ಇಲ್ಲ. ಎಲ್ಲ ಅಳಿಲುಗಳ ನಡುವೆ ಅದೂ ಒಂದು ಅಳಿಲಾಯಿತು. ಗುಂಡನಿಗೆ ಇಷ್ಟನ್ನು ಹೇಳು: ಚುಂಚು ದೊಡ್ಡ ಮರದಲ್ಲಿದೆ, ಮನೆ ಕಟ್ಟಿಕೊಂಡಿದೆ.

ನನಗೆ ಅಲ್ಲೇ ಕೆಲಸ ಸಿಕ್ಕಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವುದು, ಸೋಮವಾರ ಮಾತ್ರ ಪಾರ್ಕಿನಲ್ಲಿ ಹಿಕ್ಕೆ ಕೂಡಿಸುವುದು. ಮರದ ಕಾಂಡಕ್ಕೆ ಹಲಗೆ ಕಟ್ಟಿ, ಬಿಳಿ ಕಾಗದ ಹಾಸಿ, ನಾಲ್ಕು ಕಡಲೆಕಾಯಿ ಇಟ್ಟು ದೂರದಲ್ಲಿ ಕೂರಬೇಕು. ಅಳಿಲು ಬರುತ್ತದೆ, ತಿನ್ನುತ್ತದೆ, ಬಾಲ ಕುಣಿಸುತ್ತದೆ, ಅದರ ಮನಸ್ಸಿಗೆ ಬಂದಾಗ ಒಂದು ಹಿಕ್ಕೆ ಹಾಕುತ್ತದೆ. ನನಗಿಂತ ಮುಂಚೆ ಈ ಕೆಲಸಕ್ಕೆ ಬಂದ ಇಬ್ಬರು ಎರಡೇ ವಾರಕ್ಕೆ ಬೇಸತ್ತು ಹೋದರಂತೆ. ನನಗೆ ಸುಮ್ಮನೆ ಕೂರುವುದು ಕಷ್ಟವಲ್ಲ ಎಂದು ನಿನಗೆ ಗೊತ್ತು. ಇಲಿಯ ಹಿಕ್ಕೆಗೆ ತುದಿ ಚೂಪು, ಅಳಿಲಿನದಕ್ಕೆ ಎರಡೂ ತುದಿ ದುಂಡು. ಹೊಸದಾದರೆ ಮಿರಿಮಿರಿ ಮಿನುಗುತ್ತದೆ, ಗಂಟೆ ಕಳೆದರೆ ಮಂಕು. ಒಂದು ಹಿಕ್ಕೆಗೆ ಒಂದು ಕಡ್ಡಿ, ಆ ಕಡ್ಡಿಯನ್ನು ಮತ್ತೆ ಬಳಸುವ ಹಾಗಿಲ್ಲ. ಯಾವ ಮರ, ಎಷ್ಟು ಗಂಟೆ, ಬಿಸಿಲೋ ಮೋಡವೋ, ಎಲ್ಲ ಪುಸ್ತಕದಲ್ಲಿ ಬರೆಯಬೇಕು. ಪಾರ್ಕಿನ ಕಾವಲುಗಾರ ತಾತ ಬಂದು, "ಚಿನ್ನ ಹೆಕ್ಕುವವರೂ ಇಷ್ಟು ಹುಷಾರಾಗಿ ಹೆಕ್ಕಲ್ಲ ಕಣಮ್ಮ" ಎನ್ನುತ್ತಾರೆ. ಡಾಕ್ಟರಮ್ಮ ಕರುಳು ಎಂದರೆ ಬರೀ ಕರುಳು. ನಾವು ಕರುಳು ಎಂದರೆ ಅದರಲ್ಲಿ ಅಮ್ಮ, ಮಗು, ಒಡಹುಟ್ಟು ಎಲ್ಲ ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ ಆ ಮಾತು ಕಿವಿಗೆ ಬಿದ್ದರೂ ಮೊದಮೊದಲು ಪ್ರತಿ ಸಲ ಬೆಚ್ಚುತ್ತಿದ್ದೆ.

ನೀನು ಬರೆದಿದ್ದೆ, "ಆದದ್ದು ಆಯಿತು, ನಾವೆಲ್ಲ ಮರೆತಿದ್ದೇವೆ, ನಿನ್ನ ಭಾವನೂ ಮರೆತಿದ್ದಾರೆ, ಬಂದುಬಿಡು" ಎಂದು. ಆ ಕಾಗದ ಓದಿ ಅತ್ತೆ. ಆದರೂ ಬರಲಾಗಲಿಲ್ಲ. ಮರೆತಿದ್ದೇವೆ ಎಂದರೆ ತಪ್ಪು ನನ್ನದೇ ಎಂದಾಯಿತಲ್ಲ. ನನ್ನದು ಹೌದೋ ಅಲ್ಲವೋ ನನಗೆ ತಿಳಿಯಬೇಕಿತ್ತು. ಲ್ಯಾಬಿನ ಫ್ರೀಜರಿನಲ್ಲಿ ಚುಂಚುವಿನ ಟ್ಯೂಬು ಇತ್ತು. ಗಾಜು ತೊಳೆಯುವಾಗೆಲ್ಲ ಆ ಫ್ರೀಜರಿನ ಕಡೆ ನೋಡುತ್ತಿದ್ದೆ.

ಇನ್ನು ನನ್ನ ದೊಡ್ಡ ಸಾಹಸ ಹೇಳುತ್ತೇನೆ. ನಗಬೇಡ. ಅಥವಾ ನಗು, ಈಗ ನಕ್ಕರೆ ಪರವಾಗಿಲ್ಲ.

ನಮ್ಮ ಲ್ಯಾಬಿನಲ್ಲಿ ಪರೀಕ್ಷೆಯ ಯಂತ್ರ ನಡೆಸುವ ಅಣ್ಣ ಒಬ್ಬರಿದ್ದಾರೆ. ಅವರ ಹೆಸರು ಮುಟ್ಟಬೇಡಣ್ಣ. ಅಸಲು ಹೆಸರು ಬೇರೆ ಇದೆ, ಯಾರೂ ಕರೆಯುವುದಿಲ್ಲ. ಬಾಗಿಲಲ್ಲಿ ಕಾಲಿಟ್ಟರೆ "ಮುಟ್ಟಬೇಡಿ", ಮೇಜಿನ ಹತ್ತಿರ ಹೋದರೆ "ಮುಟ್ಟಬೇಡಿ", ಅವರ ಟೀ ಲೋಟದ ಹತ್ತಿರವೂ "ಮುಟ್ಟಬೇಡಿ". ವೈರಸ್ಸಿನ ಒಂದು ಚೂರು ಇದ್ದರೆ ಆ ಯಂತ್ರ ಅದನ್ನು ಕೋಟಿ ಮಾಡಿ ತೋರಿಸುತ್ತದಂತೆ. ಹಾಗಾಗಿ ಬೇರೆ ಕಡೆಯಿಂದ ಒಂದು ಚೂರು ಹಾರಿ ಬಂದು ಬಿದ್ದರೂ ಕೆಲಸ ಕೆಟ್ಟಿತು. ನಾನು ಬಂದ ಮೊದಲ ದಿನ ನನ್ನ ಕೆಲಸ ಕೇಳಿ ಅವರು, "ಅಳಿಲು ಸೇವೆ ಅಂತ ಕೇಳಿದ್ದೆ. ಅಳಿಲಿನ ಹಿಕ್ಕೆ ಸೇವೆ ನೋಡ್ತಿರೋದು ಇದೇ ಮೊದಲು" ಎಂದಿದ್ದರು.

ಮೊದಲ ಸೋಮವಾರ ಅವರು ನನಗೆ ಹದಿನೈದು ಬಿಳಿ ಮುಚ್ಚಳದ ಟ್ಯೂಬು ಕೊಟ್ಟು, "ಇವುಗಳಲ್ಲಿ ಒಂದೊಂದು ಹಿಕ್ಕೆ ಹಾಕಿ ತಾ" ಎಂದರು. ಆಮೇಲೆ ಇನ್ನೊಂದು ಕೊಟ್ಟರು, ನೀಲಿ ಮುಚ್ಚಳದ್ದು, ಒಳಗೆ ಚೂರು ತಿಳಿ ನೀರು. "ಅಲ್ಲಿ ಒಂದು ಸಲ ಮುಚ್ಚಳ ತೆಗೆದು ಹಾಕು. ಇದನ್ನೂ ಹಾಗೇ ತಾ" ಎಂದರು.

ನಾನು ಹಾಗೇ ತಂದೆ. ಹದಿನೈದರಲ್ಲಿ ಹೇಗೆ ಹಿಕ್ಕೆ ಹಾಕಿದೆನೋ ಹಾಗೇ ಇದರಲ್ಲೂ ಹಾಕಿದೆ. ಅದೂ ಎಂಥದ್ದು ಅಂತೀಯ, ಬೇರೆ ಬಣ್ಣದ ಮುಚ್ಚಳ ಅಂದರೆ ಏನೋ ವಿಶೇಷ ಇರಬೇಕು ಎಂದು ಆ ದಿನದ ಎಲ್ಲಕ್ಕಿಂತ ಚೆನ್ನಾದ, ಮಿನುಗುವ ಹಿಕ್ಕೆಯನ್ನು ಆರಿಸಿ ಹಾಕುತ್ತಿದ್ದೆ. ಒಂಬತ್ತು ಸೋಮವಾರ ಹೀಗೇ ನಡೆಯಿತು. ಟ್ಯೂಬುಗಳೆಲ್ಲ ನೇರವಾಗಿ ಫ್ರೀಜರಿಗೆ ಹೋಗುತ್ತಿದ್ದವು, ಯಾರೂ ತೆರೆದು ನೋಡಲಿಲ್ಲ.

ನವೆಂಬರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಯಂತ್ರಕ್ಕೆ ಹಾಕಿದರು. ಟ್ಯೂಬಿನ ಮೈಗೆಲ್ಲ ಚೀಟಿ ಸುತ್ತಿತ್ತು, ಮುಚ್ಚಳ ಚುಚ್ಚಿ ಹೀರಿಕೊಳ್ಳುವುದೂ ಯಂತ್ರವೇ, ಹಾಗಾಗಿ ಒಳಗೇನಿದೆ ಎಂದು ಯಾರಿಗೂ ಕಾಣಲಿಲ್ಲ. ನನ್ನವು ನೂರಾ ಮೂವತ್ತೈದು, ಚುಂಚುವಿನದೊಂದು, ನೀಲಿ ಒಂಬತ್ತು. ಎರಡು ದಿನದ ಮೇಲೆ ಬೆಳಿಗ್ಗೆ ನಾನು ಬಂದಾಗ ಮುಟ್ಟಬೇಡಣ್ಣ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಅವರ ಟೀ ಮೇಲೆ ಕೆನೆ ಕಟ್ಟಿತ್ತು.

"ಬ್ಲಾಂಕಿನಲ್ಲಿ ವೈರಸ್ ಬಂದಿದೆ ಮೇಡಂ. ಒಂಬತ್ತರಲ್ಲಿ ಎರಡರಲ್ಲಿ" ಎಂದು ಡಾಕ್ಟರಮ್ಮನಿಗೆ ಹೇಳಿದರು. "ಎಲ್ಲೋ ಸೋರಿದೆ. ನನ್ನ ಕೈಯಿಂದಲೇ ಸೋರಿರಬೇಕು."

ಆವತ್ತಿನಿಂದ ಎಂಟು ದಿನ ಲ್ಯಾಬಿನಲ್ಲಿ ತೊಳೆದದ್ದೇ ತೊಳೆದದ್ದು. ಮೇಜು, ಗೋಡೆ, ಬಾಗಿಲ ಹಿಡಿ, ಫ್ರೀಜರಿನ ರಬ್ಬರು. ಬ್ಲೀಚಿನ ವಾಸನೆಗೆ ಎಲ್ಲರ ಕಣ್ಣೂ ಕೆಂಪು. ಮುಟ್ಟಬೇಡಣ್ಣ ಸ್ವಂತ ಕೈಯನ್ನೇ ಅಪರಾಧಿಯ ಹಾಗೆ ನೋಡಿಕೊಳ್ಳುತ್ತಿದ್ದರು. ಹದಿನಾರು ವರ್ಷದ ನೌಕರಿಯಲ್ಲಿ ಹೀಗಾಗಿರಲಿಲ್ಲ ಎಂದು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ನಾನೂ ಅವರ ಜೊತೆ ಉಜ್ಜಿದೆ. ಬ್ಲಾಂಕು ಎಂದರೆ ಯಂತ್ರದ ಯಾವುದೋ ಭಾಗ ಎಂದುಕೊಂಡಿದ್ದೆ, ಕೇಳಲು ನಾಚಿಕೆ.

ಎಂಟನೆಯ ದಿನ ಡಾಕ್ಟರಮ್ಮ ಹೇಳಿದರು, "ಇನ್ನು ದಾರಿಯಿಲ್ಲ. ಖಾಲಿ ಟ್ಯೂಬಲ್ಲೇ ವೈರಸ್ ಇದೆ ಅಂದ ಮೇಲೆ ತುಂಬಿದ ಟ್ಯೂಬಲ್ಲಿ ಸಿಕ್ಕಿದ್ದನ್ನ ಯಾರು ನಂಬ್ತಾರೆ? ಪೂರ್ತಿ ಎಸೀಬೇಕು. ಮತ್ತೆ ಮೊದಲಿಂದ ಕೂಡಿಸೋಣ."

ಉಳಿದವನ್ನು ಮತ್ತೆ ಕೂಡಿಸಬಹುದು, ಅಕ್ಕ. ಚುಂಚುವಿನದನ್ನು ಎಲ್ಲಿಂದ ತರಲಿ? ಇದ್ದದ್ದೇ ಒಂದು. ಈಗ ಆ ಮರದಲ್ಲಿ ಕಾಣುವ ನಲವತ್ತು ಅಳಿಲುಗಳಲ್ಲಿ ಚುಂಚು ಯಾವುದು ಎಂದು ನಾನೇ ಹೇಳಲಾರೆ. ಆಗ ಮುಟ್ಟಬೇಡಣ್ಣ ಎಸೆಯುವ ಚೀಲಕ್ಕೆ ಹಾಕಲು ಟ್ಯೂಬುಗಳ ಸ್ಟ್ಯಾಂಡು ತಂದು ಮೇಜಿನ ಮೇಲಿಟ್ಟರು. ನೀಲಿ ಮುಚ್ಚಳದ ಒಂಬತ್ತನ್ನು ಬೆರಳಿನಿಂದ ತೋರಿಸಿ, "ಎಲ್ಲ ಇವುಗಳಿಂದ" ಎಂದರು.

ಖಾಲಿ ಟ್ಯೂಬು ಎಂದು ಅವರು ಎಂಟು ದಿನದಿಂದ ಹೇಳುತ್ತಿದ್ದದ್ದು ಇವನ್ನೇ ಎಂದು ಆಗ ನನಗೆ ತಿಳಿಯಿತು.

ಬಾಯಿ ತೆರೆದೆ. ಮಾತು ಬರಲಿಲ್ಲ. ನೀನು ಹೇಳುವ ಗಾಳಿಯೂ ಬರಲಿಲ್ಲ. ಒಳಕೋಣೆಗೆ ಓಡಿಹೋಗಿ, ಮರದ ಲೆಕ್ಕ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದೆ: 'ನೀಲಿ ಟ್ಯೂಬು ಖಾಲಿ ಇರಲಿಲ್ಲ. ಹಿಕ್ಕೆ ಹಾಕಿದ್ದು ನಾನು. ಒಂಬತ್ತು ವಾರವೂ ಹಾಕಿದ್ದೇನೆ. ಹಾಗೇ ತಾ ಎಂದಿದ್ದಿರಿ.' ಹಾಳೆಯನ್ನು ಮುಟ್ಟಬೇಡಣ್ಣನ ಮುಂದಿಟ್ಟು ಬಾಗಿಲ ಹತ್ತಿರ ನಿಂತೆ. ಓಡಿಹೋಗಲು ಸುಲಭವಾಗಲಿ ಎಂದು.

ಅವರು ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು.

"ನಾನು ಹಾಗೇ ತಾ ಅಂದೆ" ಎಂದರು.

"ಹಾಗೇ ತಂದೆ" ಎಂದೆ. ಅಷ್ಟು ಹೊರಟಿತು.

"ಹಾಗೇ ಅಂದ್ರೆ ಹಾಗೇ ಕಣಮ್ಮ. ಏನೂ ಹಾಕದೆ."

"ಹಾಗೇ ಅಂದ್ರೆ ಉಳಿದವುಗಳ ಹಾಗೇ ಅಂದುಕೊಂಡೆ, ಅಣ್ಣ."

ಅವರು ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರು ಹಾಗೇ ನೆಲದ ಮೇಲೆ ಕೂತು, ಗೋಡೆಗೆ ಒರಗಿ, ತಮ್ಮ ಎರಡೂ ಅಂಗೈಯನ್ನು ಮುಖದ ಮುಂದೆ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನನ್ನ ಕೈ ಸರಿ ಇದೆ ಮೇಡಂ. ನನ್ನ ಕೈ ಸರಿ ಇದೆ" ಎಂದು ಹೇಳುತ್ತಲೇ ಇದ್ದರು. ಬ್ಲೀಚಿನಿಂದ ಆ ಕೈಗಳ ಚರ್ಮ ಸುಲಿದಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಡಾಕ್ಟರಮ್ಮ ಮಾತ್ರ ನಗದೆ ನನ್ನ ಪುಸ್ತಕ ಕೇಳಿದರು. ನೀಲಿ ಟ್ಯೂಬಿನ ಹಿಕ್ಕೆ ಯಾವ ಮರದ್ದು, ಎಷ್ಟು ಗಂಟೆಯದು ಎಂದು ಅದರಲ್ಲೂ ಬರೆದಿದ್ದೆನಲ್ಲ, ವಿಶೇಷದ್ದು ಎಂದು ಅಡಿಗೆರೆ ಹಾಕಿ ಬರೆದಿದ್ದೆ. ವೈರಸ್ ಸಿಕ್ಕಿದ ಎರಡೂ ನೀಲಿ ಟ್ಯೂಬುಗಳು ಒಂದೇ ಮರದವು. ಅದೇ ಮರದ ಬಿಳಿ ಟ್ಯೂಬುಗಳಲ್ಲೂ ಅದೇ ವೈರಸ್ ಇತ್ತು. ಮುಟ್ಟಬೇಡಣ್ಣ ಲ್ಯಾಬಿನೊಳಗೆ ಇಟ್ಟಿದ್ದ ಬೇರೆ ಖಾಲಿ ಟ್ಯೂಬುಗಳು ನಿಜವಾಗಿ ಖಾಲಿಯಾಗಿದ್ದವು, ಅವುಗಳಲ್ಲಿ ಏನೂ ಇರಲಿಲ್ಲ. "ಸರಿ, ಎಸೆಯೋದು ಬೇಡ" ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಆದರೆ ನೀನು ಇನ್ನೂ ಒಂಬತ್ತು ಸೋಮವಾರ ಅದೇ ಮರಗಳ ಕೆಳಗೆ ಹೋಗಿ, ನೀಲಿ ಟ್ಯೂಬು ತೆರೆದು, ಮುಚ್ಚಿ, ಏನೂ ಹಾಕದೆ ತರಬೇಕು. ಏನೂ ಅಂದ್ರೆ ಏನೂ" ಎಂದರು. ಚಳಿಗಾಲವೆಲ್ಲ ನಾನು ಏನನ್ನೂ ತರದೆ ಇರುವ ಕೆಲಸ ಮಾಡಿದೆ. ಎದುರಿಗೆ ಅಂಥ ಒಳ್ಳೊಳ್ಳೆಯ ಹಿಕ್ಕೆಗಳು ಬಿದ್ದಿದ್ದರೂ ಮುಟ್ಟಲಿಲ್ಲ. ಒಂಬತ್ತೂ ಖಾಲಿಯೇ ಬಂದವು.

ನಿನ್ನೆಯ ಮಾತಿಗೆ ಬರುತ್ತೇನೆ. ಗುಂಡ ಇದ್ದ ಆಸ್ಪತ್ರೆಯಿಂದ, ಆ ತಿಂಗಳು ಕಾಯಿಲೆ ಬಿದ್ದ ಹನ್ನೊಂದು ಮಕ್ಕಳ ವೈರಸ್ಸಿನ ವಿವರ ಡಾಕ್ಟರಮ್ಮನಿಗೆ ಬಂದಿತ್ತು. ಹೆಸರಿರಲಿಲ್ಲ, ಅಂಕೆ ಮಾತ್ರ, ಮತ್ತು ಭರ್ತಿಯಾದ ದಿನ. ಗುಂಡ ಯಾವ ಅಂಕೆಯೋ ಗೊತ್ತಿಲ್ಲ, ಆದರೆ ಆ ಗುರುವಾರ ಬಂದ ಮಕ್ಕಳೆಲ್ಲ ಅದರಲ್ಲಿದ್ದಾರೆ. ಡಾಕ್ಟರಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆ ತೋರಿಸಿದರು. ಸಾಲು ಸಾಲು ಅಕ್ಷರ. ಇಡೀ ವೈರಸ್ಸಿಗೆ ನಾಲ್ಕೇ ಅಕ್ಷರವಂತೆ, ಅವೇ ಹಿಂದೆ ಮುಂದೆ ಬರುತ್ತವೆ. ನಾನು ಶಾಲೆಯಲ್ಲಿ ಕಲಿತ ಅಕ್ಷರಗಳೇ ಅದಕ್ಕೆ ಸಾಕಾಗಿ ಇನ್ನೂ ಮಿಕ್ಕವು. ಮಕ್ಕಳ ಹನ್ನೊಂದು ಸಾಲುಗಳು ಅಕ್ಕತಂಗಿಯರ ಹಾಗೆ ಒಂದೇ ತರ. ಕೆಳಗೆ ಅಳಿಲುಗಳವು, ಹದಿನಾರು ಟ್ಯೂಬುಗಳಲ್ಲಿ ಸಿಕ್ಕಿದವು, ಅವುಗಳದು ಬೇರೆಯೇ ವಂಶ. ನನ್ನಂಥವಳಿಗೂ ಕಾಣುವಷ್ಟು ಬೇರೆ.

"ಅಳಿಲಿಗೆ ಅಳಿಲಿನದು, ನಮಗೆ ನಮ್ಮದು" ಎಂದರು ಡಾಕ್ಟರಮ್ಮ. "ಮಕ್ಕಳಿಗೆ ಬಂದಿರೋದು ಮಕ್ಕಳಿಂದ ಮಕ್ಕಳಿಗೆ ಹರಡೋ ಜಾತಿ."

"ಡಬ್ಬಿಯಲ್ಲಿದ್ದದ್ದು?" ಎಂದು ಕೇಳಿದೆ.

"ನಿನ್ನ ಚುಂಚುದಾ? ಅದರಲ್ಲಿ ಏನೂ ಸಿಗಲಿಲ್ಲ. ಬರೀ ಬಿಸ್ಕತ್ತು."

ನಾನು ಮೇಜಿನ ಮೇಲೆ ತಲೆಯಿಟ್ಟೆ. ಮುಟ್ಟಬೇಡಣ್ಣ ದೂರದಿಂದ, "ಮೇಜು ಮುಟ್ಟಬೇಡಿ" ಎಂದವರು, ಡಾಕ್ಟರಮ್ಮ ಕಣ್ಣು ಬಿಟ್ಟದ್ದು ನೋಡಿ, "ಇವತ್ತೊಂದು ದಿನ ಮುಟ್ಟಲಿ ಬಿಡಿ" ಎಂದರು.

ಕಾಡಿನ ಮರಿಯನ್ನು ಎಳೆಯ ಮಗುವಿನ ಕೈಗೆ ಕೊಟ್ಟದ್ದು ಸರಿ ಎಂದು ನಾನು ಹೇಳುವುದಿಲ್ಲ. ಡಾಕ್ಟರಮ್ಮನೂ ಅದಕ್ಕೆ ನನ್ನನ್ನು ಬೈದಿದ್ದಾರೆ, ಇನ್ನೊಂದು ಮರಿ ಬಿದ್ದರೆ ತಮಗೆ ತಂದು ಕೊಡಬೇಕು ಎಂದಿದ್ದಾರೆ. ಆದರೆ ಗುಂಡನನ್ನು ಮಲಗಿಸಿದ್ದು ನನ್ನ ಕೈ ಅಲ್ಲ. ಈ ಮಾತನ್ನು ಭಾವನಿಗೆ ಓದಿ ಹೇಳು. ವರದಿಯ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅವರಿಗೆ ಅದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಅವರ ಮೇಲೆ ಗೆಲ್ಲಬೇಕೆಂದಲ್ಲ, ಅವರ ಎದೆಯೂ ಹಗುರವಾಗಲಿ ಎಂದು.

ಗುಂಡ ಎಷ್ಟುದ್ದ ಆಗಿದ್ದಾನೆ? ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಎಳೆದು ಬರೆ. ಅವನ ಹೊಟ್ಟೆ ತಂಪಾಗಿರಲಿ, ಕಂಡದ್ದೆಲ್ಲ ಜೀರ್ಣವಾಗಲಿ, ನಿನ್ನ ಹಾಗೆ ದೊಡ್ಡ ಓದು ಓದಲಿ, ನನ್ನ ಹಾಗೆ ಗಂಟಲು ಕಟ್ಟದಿರಲಿ. ಚಿಕ್ಕಮ್ಮನ ಹರಕೆ ಇಷ್ಟೇ. ನಿನಗೂ ಭಾವನಿಗೂ ನನ್ನ ನಮಸ್ಕಾರ.

ನಿನ್ನ
ತಂಗಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಆಸ್ಪತ್ರೆಯ ಎರಡನೆಯ ದಿನ ನೀನು ನನ್ನನ್ನು ಬಿಸಿನೀರಿಗೆ ಕಳಿಸಿದ್ದೆ. ಫ್ಲಾಸ್ಕಿನ ಮುಚ್ಚಳ ಮರೆತು ಅರ್ಧ ದಾರಿಯಿಂದ ಹಿಂದಿರುಗಿ ಬಂದೆ. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ನಿನ್ನನ್ನು ಕೇಳುತ್ತಿದ್ದರು, "ಆ ಹುಡುಗಿ ಮಗುವಿಗೆ ಏನಾಗಬೇಕು?" ಎಂದು. ಒಡಹುಟ್ಟಿದ ಅಕ್ಕ ನೀನು ಹೇಳಿದೆ, "ಏನೂ ಆಗಬೇಕಿಲ್ಲ. ಮನೆ ಕೆಲಸಕ್ಕಿದ್ದಾಳೆ." ನಾನು ಮುಚ್ಚಳ ತೆಗೆದುಕೊಳ್ಳದೆ ಹಾಗೇ ನೀರು ತಂದೆ, ಮೆಟ್ಟಿಲ ಮೇಲೆ ಕೈ ಮೇಲೆಲ್ಲ ಚೆಲ್ಲಿಕೊಂಡೆ. ಕೈ ಹೇಗೆ ಸುಟ್ಟಿತು ಎಂದು ನೀನು ಕೇಳಿದೆ, ನಾನು ಎಡವಿದೆ ಎಂದೆ. ಮನೆ ಬಿಟ್ಟದ್ದು ಅಳಿಲಿನ ಕಾರಣಕ್ಕೆ ಎಂದು ನೀನೂ ನಂಬಿದ್ದೀಯ, ನಾನೂ ನಂಬಿಕೊಂಡಿದ್ದೆ. ಈಗ ಅಳಿಲಿನ ಮೇಲಿನ ಆರೋಪ ಹೋಯಿತು, ಅದರ ಹಿಂದೆ ನಿಂತುಕೊಳ್ಳಲು ನನಗೆ ಜಾಗವಿಲ್ಲ. ಕಳೆದ ಕಾಗದದಲ್ಲಿ ನೀನೇ ಬರೆದ ಹಾಗೆ ನೀವು ಹೊಸ ಮನೆಗೆ ಹೋಗಿದ್ದೀರಿ, ಆ ಬೀದಿಯಲ್ಲಿ ನನ್ನನ್ನು ಯಾರೂ ನೋಡಿಲ್ಲ. ಬರುವ ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಅಕ್ಕಪಕ್ಕದವರು ಯಾರಾದರೂ "ಇವರು ನಿಮಗೇನಾಗಬೇಕು?" ಎಂದು ಕೇಳೇ ಕೇಳುತ್ತಾರೆ. ನೀನು ಏನು ಹೇಳುತ್ತೀಯೋ ಅದನ್ನು ಹೊಸ್ತಿಲ ಹೊರಗೇ ನಿಂತು ಕೇಳಿಸಿಕೊಂಡು, ಆಮೇಲೆ ಚಪ್ಪಲಿ ಬಿಡುತ್ತೇನೆ.